ವಿಜಯಪುರದ ಬಂಗಾರದ ಹಾಳೆಗಳು

ಅಫಜಲಪುರದಿಂದ ಭೀಮೆ ದಾಟಿದರೆ ವಿಜಯಪುರದ ಸೀಮೆ. ಗೋಲಗುಮ್ಮಟ ನೋಡಿದ್ದೀರಿ. ಅದು ಏಳೋದಕ್ಕೂ ಮೊದಲೇ, 1570ರಲ್ಲಿ, ಇಲ್ಲಿನ ಸುಲ್ತಾನ ಒಂದನೇ ಅಲಿ ಆದಿಲ್‌ಶಾನ ಆಸ್ಥಾನದಲ್ಲಿ ಒಂದು ಪಾರಸಿ ಗ್ರಂಥ ಸಿದ್ಧವಾಯಿತು: ‘ನುಜೂಮ್ ಅಲ್ ಉಲೂಮ್’. ಗ್ರಹ, ನಕ್ಷತ್ರ, ಆನೆ, ಕುದುರೆ, ಆಯುಧ, ಮಂತ್ರ-ತಂತ್ರ, ಎಲ್ಲಕ್ಕೂ ಬಣ್ಣದ ಚಿತ್ರ, ನೂರಾರು!

ಅದರ ಒಂದು ಪುಟ ನೋಡಿ. ಬರಹ ಪಾರಸಿ, ಮೆರುಗು ಬಂಗಾರದ್ದು. ನಡುವೆ ಕುಳಿತವಳು ಸೀರೆಯುಟ್ಟ, ಹಲವು ಕೈಗಳ ಶಕ್ತಿದೇವತೆ! ಇರಾನಿನ ಕುಸುರಿಯೂ ದಖ್ಖನ್ನಿನ ನಂಬಿಕೆಯೂ ಒಂದೇ ಹಾಳೆಯಲ್ಲಿ. ನನ್ನ ಮಟ್ಟಿಗೆ ಮೊಘಲರ ಚಿತ್ರಗಳಿಗಿಂತ ಇವೇ ಹೆಚ್ಚು ಧೈರ್ಯದವು.

ಮುಂದೆ ಇಲ್ಲಿನ ಸುಲ್ತಾನನೇ ಆದ ಎರಡನೇ ಇಬ್ರಾಹಿಂ ಸರಸ್ವತಿಯನ್ನು ಸ್ತುತಿಸಿ ‘ಕಿತಾಬ್-ಎ-ನೌರಸ್’ ಬರೆದ. ಕಲಾವಿದ ಫರ್ರುಖ್ ಹುಸೇನ್ ಅವನ ಚಿತ್ರ ಬಿಡಿಸಿದ. 1686ರಲ್ಲಿ ಮೊಘಲ್ ದೊರೆ ಔರಂಗಜೇಬ ವಿಜಯಪುರವನ್ನು ಗೆದ್ದ, ಆಸ್ಥಾನ ಚದುರಿತು.

‘ನುಜೂಮ್ ಅಲ್ ಉಲೂಮ್’ ಈಗ ಐರ್ಲೆಂಡಿನ ಡಬ್ಲಿನ್‌ನಲ್ಲಿ, ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ಚಿತ್ರಗಳು ನಮ್ಮ ಶಾಲಾ ಪುಸ್ತಕಗಳಿಗೆ ಬರಲೇಬೇಕು.