ನೀರು, ಬೆಂಕಿ, ರೋಗಕ್ಕೆ ಬೇಲಿಯಿಲ್ಲ!
ಸಂತೆಗುಳಿ ತೋಟಿಗರ ಚಳಿಗಾಲದ ಲೆಕ್ಕಾಚಾರ

ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಸಂತೆಗುಳಿ ಬಸ್ಸಿಗೆ ಕಾಯುವವರ ಮಾತಿಗೆ ಕಿವಿಗೊಟ್ಟರೆ ಸಾಕು, ತಿಂಗಳು ಯಾವುದೆಂದು ಕ್ಯಾಲೆಂಡರ್ ನೋಡದೆಯೇ ಹೇಳಬಹುದು. ಜುಲೈಯಲ್ಲಾದರೆ "ಮದ್ದು ಹೊಡೆದಾಯ್ತಾ?" ಎಂಬ ಪ್ರಶ್ನೆ. ಡಿಸೆಂಬರ್ ಬಂತೋ, "ಕೊನೆಗೌಡ ಸಿಕ್ಕಿದ್ನಾ ಮಾರಾಯಾ?" ಎಂಬುದೇ ಕ್ಷೇಮ ಸಮಾಚಾರ. ಮಾರ್ಚಿ ಕಳೆಯಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬಾವಿಯಲ್ಲಿ ನೀರೆಷ್ಟುಂಟು?"

ಮಳೆಗಾಲದಲ್ಲಿ ಕೊಡೆ ಹಿಡಿದು ತೋಟ ಕಾಯುವುದೇ ದೊಡ್ಡ ಕೆಲಸ ಎಂದು ಪೇಟೆಯವರು ತಿಳಿದಿದ್ದಾರೆ. ಚಳಿಗಾಲವೆಂದರೆ ತೋಟಿಗನಿಗೆ ರಜೆ, ಅಂಗಳದಲ್ಲಿ ಅಡಿಕೆ, ಜೇಬಿನಲ್ಲಿ ದುಡ್ಡು! ಆದರೆ ಸಂಗತಿ ಹಾಗಿಲ್ಲ ಸ್ವಾಮಿ. ನವೆಂಬರಿನಿಂದ ಮಾರ್ಚಿಯವರೆಗಿನ ಈ ನಾಲ್ಕೈದು ತಿಂಗಳಲ್ಲಿ ತಪ್ಪಿದ ಕೆಲಸಕ್ಕೆ ಬಡ್ಡಿ ಕಟ್ಟುವುದು ಏಪ್ರಿಲ್, ಮೇ ತಿಂಗಳಲ್ಲಿ. ಆ ಬಡ್ಡಿಯ ಬಿಸಿ ಕುಮಟಾ ಪೇಟೆಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೂ ತಟ್ಟುತ್ತದೆ. ಹಾಗಾಗಿ ಅಂಗಡಿಕಾರರೂ ಈ ವರದಿಯನ್ನು ತಮ್ಮದೆಂದೇ ಓದಬೇಕು.

ಅಂಗಳದ ಕಾವಲು

ಘಟ್ಟದ ಮೇಲೆ ಅಡಿಕೆಯನ್ನು ಹಸಿಯಾಗಿಯೇ ಕೊಯ್ದು ಸುಲಿದು, ಬೇಯಿಸಿ ಕೆಂಪಡಿಕೆ ಮಾಡುವವರು ಬಹಳ. ಘಟ್ಟದ ಕೆಳಗಿನ ನಮ್ಮಲ್ಲಿ ಹಣ್ಣಾದ ಮೇಲೆ ಕೊಯ್ದು ಬಿಸಿಲಿಗೆ ಹರವಿ ಚಾಲಿ ಮಾಡುವುದೇ ಹೆಚ್ಚು. ಚಾಲಿ ಒಣಗಲು ಒಳ್ಳೆ ಬಿಸಿಲಿನ ಸುಮಾರು 40 ದಿನ ಬೇಕು. ತೆಳ್ಳಗೆ ಹರವಬೇಕು, ಆಗಾಗ ಕೈಯಾಡಿಸಬೇಕು, ರಾತ್ರಿಯ ಇಬ್ಬನಿ ತಾಗದಂತೆ ನೋಡಬೇಕು. ನಡುವೆ ಒಂದು ಅಕಾಲಿಕ ಮಳೆ ಬಿದ್ದು ಬೂಸಲು ಹಿಡಿಯಿತೋ, ಅದೇ ಅಡಿಕೆ ಕೋಕಾ ರಾಶಿಗೆ ಹೋಯ್ತು. ಕುಮಟಾ ಮಾರುಕಟ್ಟೆಯಲ್ಲಿ ಹೊಸ ಚಾಲಿ, ಹಳೆ ಚಾಲಿ, ಚಿಪ್ಪು, ಕೋಕಾ ಎಂದು ಬೇರೆ ಬೇರೆ ದರ ಕೂಗುವುದನ್ನು ಕೇಳಿದವರಿಗೆ ಈ ಒಂದು ಮಳೆಯ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಕೊಯ್ಲಿಗೆ ಮರ ಹತ್ತುವ ಕೊನೆಗೌಡರ ಸಂಖ್ಯೆ ವರ್ಷವರ್ಷ ಇಳಿಯುತ್ತಿದೆ. ಒಂದು ಮರದ ತಲೆಯಿಂದ ಇನ್ನೊಂದು ಮರಕ್ಕೆ ತೂಗಿ ದಾಟುವ ಆ ಕಸುಬನ್ನು ಅವರ ಮಕ್ಕಳು ಕಲಿಯುತ್ತಿಲ್ಲ, ಕಲಿಯಲಿಲ್ಲವೆಂದು ಬೈಯುವಂತೆಯೂ ಇಲ್ಲ. ಬಿದ್ದರೆ ಬೆನ್ನು ಮುರಿಯುವ ಕೆಲಸ ಅದು. ಈಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬೆಲೆ ಜೋರು. ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡರೆ ಭಾರ ಹಂಚಿಹೋಗುತ್ತದೆ.

ಅಡಿಕೆಯ ಜೊತೆಗೇ ಕಾಳುಮೆಣಸು. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಲಿಗೆ ಬಂತೆಂದು ಲೆಕ್ಕ. ಪೂರ್ತಿ ಹಣ್ಣಾಗಲೆಂದು ಕಾದರೆ ಹಕ್ಕಿಗೆ ಹಬ್ಬ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದು ಕರೆದದ್ದು ಈ ಸೀಮೆಯ ಬಳ್ಳಿಗಳಿಂದಾಗಿಯೇ ಎಂಬುದನ್ನು ನೆನಪಿಡೋಣ.

ಬುಡಕ್ಕೆ ಊಟ, ಕಾಂಡಕ್ಕೆ ಸುಣ್ಣ

ಕೊಯ್ಲು ಮುಗಿಯುತ್ತಿದ್ದಂತೆ ಬುಡದ ಕೆಲಸ ಶುರು. ಮಳೆಗೆ ತುಂಬಿದ ಕಾದಿಗೆಯ ಹೂಳೆತ್ತಬೇಕು. ಕೊಚ್ಚಿಹೋದ ಬುಡಕ್ಕೆ ಮಣ್ಣು ಏರಿಸಬೇಕು. ಕೊಟ್ಟಿಗೆ ಗೊಬ್ಬರ, ಬೆಟ್ಟದ ಸೊಪ್ಪು ಹಾಕಬೇಕು. ಮೇಲಿಂದ ದರಕು ಮುಚ್ಚಿದರೆ ನೆಲದ ತೇವ ಬೇಗ ಆರುವುದಿಲ್ಲ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಒಂದು ಮರಕ್ಕೆ ವರ್ಷಕ್ಕೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಗೊಬ್ಬರ. ಜೊತೆಗೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಇದು ಚೀಲದ ತೂಕವಲ್ಲ, ಸತ್ವದ ತೂಕ. 100 ಗ್ರಾಂ ಸಾರಜನಕಕ್ಕೆ ಯೂರಿಯಾ ಸುಮಾರು 220 ಗ್ರಾಂ ಬೇಕು. ನೀರಾವರಿ ಇದ್ದವರು ಮಳೆಗಾಲದ ಕೊನೆಗೆ ಅರ್ಧ, ಫೆಬ್ರವರಿಯಲ್ಲಿ ಇನ್ನರ್ಧ ಕೊಡುವುದು ಪದ್ಧತಿ. ಬಹಳ ಮಂದಿ ಮೊದಲನೆಯದನ್ನು ಹಾಕಿ ಎರಡನೆಯದನ್ನು ಮರೆಯುತ್ತಾರೆ. ಹಾಗೆ ಅರ್ಧ ಊಟ ಮಾಡಿದ ಮರ ಫಸಲನ್ನೂ ಹಾಗೆಯೇ ಕೊಟ್ಟೀತು!

ಇನ್ನೊಂದು ಅಗ್ಗದ ಕೆಲಸವುಂಟು, ಅದನ್ನೇ ಮರೆಯುವವರು ಹೆಚ್ಚು. ತೋಟದ ಪಶ್ಚಿಮ, ನೈಋತ್ಯ ಅಂಚಿನ ಮರಗಳ ಕಾಂಡಕ್ಕೆ ಮಧ್ಯಾಹ್ನದ ನಂತರದ ಬಿಸಿಲು ನೇರ ಬಡಿಯುತ್ತದೆ. ಮೊದಲು ಹಳದಿ ಮಚ್ಚೆ, ಆಮೇಲೆ ಕಂದು ಬಣ್ಣ, ಕೊನೆಗೆ ಸೀಳು. ಮುಂದೊಂದು ದಿನ ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಸುಣ್ಣ ಬಳಿಯುವುದು, ಇಲ್ಲವೇ ಸೋಗೆ, ಹಾಳೆ ಸುತ್ತಿ ಕಟ್ಟುವುದು, ಇಷ್ಟೇ ಇದಕ್ಕೆ ಮದ್ದು.

ಮಳೆ ಸಾವಿರಾರು ಮಿಲಿಮೀಟರು, ಬಾವಿ ಖಾಲಿ!

ಈಗ ನೀರಿನ ವಿಷಯಕ್ಕೆ ಬರೋಣ. ನಮ್ಮ ಕರಾವಳಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಅದರ ಬಹುಪಾಲು ಜೂನಿನಿಂದ ಸಪ್ಟೆಂಬರಿನೊಳಗೆ ಸುರಿದು, ಹಳ್ಳ ಹಿಡಿದು, ಸಮುದ್ರ ಸೇರಿಬಿಡುತ್ತದೆ.

ಅಡಿಕೆ ಮರಕ್ಕೆ ಕಾಲುವೆಯಲ್ಲಿ ನೀರು ಬಿಡುವುದಾದರೆ ಒಂದು ಸಲಕ್ಕೆ 175 ಲೀಟರ್ ಎಂದು ಲೆಕ್ಕ. ಎಕರೆಗೆ 550 ಮರ ಹಿಡಿದರೂ ಒಂದು ಸರದಿಗೆ 96 ಸಾವಿರ ಲೀಟರು! ನವೆಂಬರ್, ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಕೊಟ್ಟರೆ ನಡೆದೀತು. ಮಾರ್ಚಿಯ ನಂತರ ಮೂರರಿಂದ ಐದು ದಿನಕ್ಕೊಮ್ಮೆ ಬೇಕು. ಮರದ ಬಾಯಾರಿಕೆ ಹೆಚ್ಚುವುದಕ್ಕೂ ಬಾವಿಯ ತಳ ಕಾಣುವುದಕ್ಕೂ ಒಂದೇ ಮುಹೂರ್ತ. ಹನಿ ನೀರಾವರಿಯಲ್ಲಾದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ನಾಲ್ಕು ದಿನದ ಲೆಕ್ಕ ಹಾಕಿ ನೋಡಿ, ಅರ್ಧಕ್ಕಿಂತ ಹೆಚ್ಚು ನೀರು ಉಳಿಯುತ್ತದೆ.

ಆದರೆ ಹನಿ ಕೊಡಲಿಕ್ಕೂ ಬಾವಿಯಲ್ಲಿ ನೀರಿರಬೇಕಲ್ಲ? ಹಿಂದಿನವರು ಮಳೆ ನಿಂತು ಹಳ್ಳದ ರಭಸ ಇಳಿಯುತ್ತಿದ್ದಂತೆ ಕಲ್ಲು, ಮಣ್ಣು, ಸೊಪ್ಪು, ಅಡಿಕೆ ದಬ್ಬೆ ಕೂಡಿಸಿ ಅಡ್ಡಗಟ್ಟು ಕಟ್ಟುತ್ತಿದ್ದರು. ಈಗ ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆ ಬಂದು ಕೆಲಸ ಇನ್ನೂ ಸುಲಭವಾಗಿದೆ. ಕಟ್ಟಿನ ಹಿಂದೆ ನಿಂತ ನೀರು ಇಂಗಿ ಅಕ್ಕಪಕ್ಕದ ಬಾವಿಗಳನ್ನು ಹಿಡಿದು ನಿಲ್ಲಿಸುತ್ತದೆ. ಡಿಸೆಂಬರಿನೊಳಗೆ ಕಟ್ಟಿದರೆ ಲಾಭ. ಹಳ್ಳ ಬತ್ತಿದ ಮೇಲೆ ಫೆಬ್ರವರಿಯಲ್ಲಿ ಕಟ್ಟಿದರೆ ಫೋಟೋ ತೆಗೆಸಿಕೊಳ್ಳಲು ಮಾತ್ರ ಆದೀತು.

ಅಡಿಕೆ ತೋಟ ಇಲ್ಲದವರಿಗೂ ಈ ತೇವವೇ ಬಂಡವಾಳ. ಭತ್ತ ಕೊಯ್ದ ಗದ್ದೆಯಲ್ಲಿ ಶೇಂಗಾ, ಉದ್ದು, ಅಲಸಂದೆ, ಹರಿವೆ, ಬದನೆ, ಮೊಗೆಕಾಯಿ ಏಳುವುದು ಈಗಲೇ. ಕುಮಟಾ ಬದಿಯ ಅಳ್ವೆಕೋಡಿ, ಹಂದಿಗೋಣಗಳ ಸಿಹಿ ಈರುಳ್ಳಿಯೂ ಈ ಚಳಿಯ ಕೂಸು. ಬೇಸಿಗೆಯಲ್ಲಿ ಹೆದ್ದಾರಿಯ ಪಕ್ಕ ತೂಗುವ ಆ ಗೊಂಚಲುಗಳನ್ನು ಬಸ್ಸಿನ ಕಿಟಕಿಯಿಂದ ನೋಡದವರು ಯಾರು?

ಪಕ್ಕದ ತೋಟ ನಮ್ಮದೂ ಹೌದು

ಎಲೆಚುಕ್ಕಿ ರೋಗದ ಹೆಸರು ಈಗ ಮಕ್ಕಳಿಗೂ ಗೊತ್ತು. 2022ರ ಈಚೆಗೆ ಮಲೆನಾಡಿನಲ್ಲೂ ನಮ್ಮ ಜಿಲ್ಲೆಯಲ್ಲೂ ಅದು ತೋಟಿಗರ ನಿದ್ದೆ ಕೆಡಿಸಿದೆ. ಸೋಗೆಯ ಮೇಲೆ ಚುಕ್ಕಿ ಮೂಡಿ, ಕೂಡಿ, ಸೋಗೆಯೇ ಒಣಗುತ್ತದೆ. ಶಿಲೀಂಧ್ರದ ಕಣ ಗಾಳಿ, ಮಳೆಹನಿಯ ಜೊತೆ ಹರಡುತ್ತದೆ. ಮಳೆಗಾಲಕ್ಕೆ ಮುಂಚೆ ರೋಗದ ಸೋಗೆ ಕಡಿದು, ಬಿದ್ದದ್ದನ್ನೂ ಹೆಕ್ಕಿ, ತೋಟದಿಂದ ಹೊರಗೆ ಒಯ್ದು ಸುಡಬೇಕು. ಒಬ್ಬ ಕಡಿದು ಶುಚಿಮಾಡಿ, ಪಕ್ಕದವ ಹಾಗೇ ಬಿಟ್ಟರೆ? ಮೊದಲ ಮಳೆಗೆ ಇವನ ಖರ್ಚು ನೀರಿಗೆ ಹೋಯ್ತು. ಮಾಲಕ ಬೆಂಗಳೂರಿನಲ್ಲಿದ್ದು ಬಾಗಿಲು ಹಾಕಿದ ಮನೆಗಳ ತೋಟಗಳದ್ದೇ ಈಗ ದೊಡ್ಡ ತಲೆನೋವು.

ಬೆಂಕಿಯೂ ಹಾಗೆಯೇ. ಜನವರಿ ಕಳೆದರೆ ಬೆಟ್ಟದ ಕರಡ ಒಣಗಿ ಕಡ್ಡಿ ಗೀರಿದರೆ ಸಾಕು ಎಂಬಂತಿರುತ್ತದೆ. ತೋಟದ ಅಂಚಿನಲ್ಲಿ ದರಕು ಗುಡಿಸಿ ಬೆಂಕಿ ದಾಟದಂತೆ ದಾರಿ ಬಿಡಿಸುವುದು ಈ ಕಾಲದ ಕೆಲಸ. ರೋಗದ ಸೋಗೆ ಸುಡುವವರೂ ಗಾಳಿ ನೋಡಿ, ಪಕ್ಕದಲ್ಲಿ ನೀರಿಟ್ಟುಕೊಂಡು ಸುಡಲಿ. ಬಸ್ ಪ್ರಯಾಣಿಕರಲ್ಲೂ ಒಂದು ವಿನಂತಿ: ಕಿಟಕಿಯಿಂದ ಎಸೆದ ಬೀಡಿ ತುಂಡು ಯಾರ ಬೆಟ್ಟ, ಯಾರ ತೋಟ ಎಂದು ಕೇಳುವುದಿಲ್ಲ.

ಪಿಯುಸಿಯನ್ನು ಅರ್ಧಕ್ಕೇ ಬಿಟ್ಟ ಈ ವರದಿಗಾರನಿಗೆ ತಿಳಿದ ಗಣಿತ ಇಷ್ಟೇ. ಗೊಬ್ಬರ, ಸುಣ್ಣ, ಚಾಲಿ ಒಣಗಿಸುವುದು ಅವರವರ ಮನೆಯ ಕೆಲಸ. ಹಳ್ಳದ ಕಟ್ಟು, ರೋಗದ ಸೋಗೆ, ಬೆಟ್ಟದ ಬೆಂಕಿ ಮಾತ್ರ ಊರಿನ ಕೆಲಸ. ಮೊದಲನೆಯದನ್ನು ನಮ್ಮವರು ಚೆನ್ನಾಗಿಯೇ ಮಾಡುತ್ತಾರೆ. ಎರಡನೆಯದಕ್ಕೆ "ಅವ ಬಂದ್ರೆ ನಾನೂ ಬತ್ತೆ" ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಪ್ರತಿ ಕೇರಿಯವರು ಒಂದು ಭಾನುವಾರ ಹಳ್ಳಕ್ಕೆ, ಇನ್ನೊಂದು ಭಾನುವಾರ ಸೋಗೆಗೆ, ಮತ್ತೊಂದು ಬೆಂಕಿ ದಾರಿಗೆ ಎಂದು ಕೊಟ್ಟರೆ ಒಟ್ಟು ಮೂರು ದಿನ. ವರ್ಷದ ಉಳಿದ ದಿನಗಳಲ್ಲಿ ಜಗಳಾಡಲು ಸಾಕಷ್ಟು ಸಮಯ ಉಳಿಯುತ್ತದೆ. ಮೊದಲ ಭಾನುವಾರಕ್ಕೆ ಗುದ್ದಲಿ ಹಿಡಿದು ಹೊರಡುವವರು ಪಕ್ಕದ ಮನೆಯವರನ್ನು ಕೂಗಿ ಕರೆದೇ ಹೊರಡಲಿ. ಹಳ್ಳದ ನೀರು ಮಾತ್ರ ಯಾರಿಗೂ ಕಾಯುವುದಿಲ್ಲ.