ಕೋಡಿ ಹತ್ತುವ ಮೀನು

ಹಸ್ತ ಮಳೆ ಮೂರು ದಿನ ಬಿಡದೆ ಸುರಿದಿತ್ತು. ನಾಲ್ಕನೆಯ ದಿನ ಬೆಳಗಾಗುವ ಹೊತ್ತಿಗೆ ಕೆರೆ ಕೋಡಿ ಬಿದ್ದ ಸುದ್ದಿ ಊರೆಲ್ಲ ಹಬ್ಬಿತು. ಪೆರೇಸಂದ್ರದಿಂದ ಗುಡಿಬಂಡೆ ಕಡೆಗೆ ಹೋಗುವಾಗ ಹುಣಸೆ ಮರಗಳ ಮರೆಯಲ್ಲಿ ಸಿಗುವ ಸಣ್ಣ ಕೆರೆ ಅದು. ಮನೆಯಲ್ಲಿ ತೆಲುಗು ಆಡುವವರು ‘ಮರವ ಪಾರಿಂದಿ’ ಅಂದರು, ಕನ್ನಡದವರು ‘ಕೋಡಿ ಹರೀತು’ ಅಂದರು. ಎರಡೂ ಮಾತಿನ ಹಿಗ್ಗು ಒಂದೇ. ಹೆಂಗಸರು ಅರಿಶಿನ ಕುಂಕುಮ ಹಿಡಿದು ಗಂಗಮ್ಮನ ಪೂಜೆಗೆ ಹೊರಟರು. ನಾನು ಕೋಡಿಯ ಕೆಳಗಿನ ಮಡುವಿನ ದಡದಲ್ಲಿ ಹೋಗಿ ಕೂತೆ.

ಮೊದಲ ಅರ್ಧ ಗಂಟೆ ಕಂಡದ್ದು ಕೆಂಪು ನೀರು, ನೊರೆ, ತೇಲಿಬಂದ ಕಸಕಡ್ಡಿ ಅಷ್ಟೆ. ಕಣ್ಣು ಪಳಗಿದ ಮೇಲೆ ಮಡುವಿನ ಅಂಚಿನಲ್ಲಿ, ನೀರಿನ ಸೆಳೆತ ಕಡಿಮೆಯಿರುವ ಕಡೆ, ಬೆರಳುದ್ದದ ಪಕ್ಕೆ ಮೀನುಗಳು ಸಾಲುಗಟ್ಟಿ ನಿಂತದ್ದು ಕಂಡಿತು. ಎಲ್ಲದರ ತಲೆಯೂ ನೀರು ಬರುವ ದಿಕ್ಕಿಗೆ. ಒಂದು ಮೀನು ಸಾಲು ಬಿಟ್ಟು ಮುನ್ನುಗ್ಗಿತು. ಕೋಡಿಯ ಮೊದಲ ಕಲ್ಲಿಗೆ ಮೈ ಬಡಿದು ಜಾರಿ ಮತ್ತೆ ಮಡುವಿಗೆ ಬಿತ್ತು. ಇನ್ನೊಂದು ಹೋಯಿತು, ಬಿತ್ತು. ಮೂರನೆಯದು ನಡುನೀರಿನ ರಭಸಕ್ಕೆ ಹೋಗದೆ, ಪಕ್ಕದಲ್ಲಿ ಪಾಚಿ ಹಿಡಿದ ಒರಟು ಕಲ್ಲಿನ ಮೇಲೆ ತೆಳ್ಳಗೆ ಹರಿಯುವ ನೀರಿಗೆ ಬಂತು. ಅಲ್ಲಿ ನೀರು ಅದರ ಬೆನ್ನು ಮುಳುಗುವಷ್ಟೂ ಇರಲಿಲ್ಲ. ಪಕ್ಕಕ್ಕೆ ವಾಲಿ, ಬಾಲ ಪಟಪಟನೆ ಬಡಿಯುತ್ತ ಒಂದು ಗೇಣು ಏರಿತು, ಕಲ್ಲಿನ ಸಂದಿನಲ್ಲಿ ನಿಂತು ಸುಧಾರಿಸಿಕೊಂಡಿತು, ಮತ್ತೆ ಒಂದು ಗೇಣು. ಮೇಲಿನ ಕಲ್ಲು ದಾಟಿ ಕೆರೆಯ ನೀರಿಗೆ ಇಳಿದಾಗ ನಾನು ನನಗೆ ಗೊತ್ತಿಲ್ಲದೆಯೇ ಎದ್ದು ನಿಂತಿದ್ದೆ.

ಪಕ್ಕದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದ ತಾತ ನೋಡುತ್ತಿದ್ದರು. “ಹೊಸ ನೀರು ಮೈಗೆ ತಾಕಿದ್ರೆ ಮೀನಿಗೆ ನಿದ್ದೆ ಬರಲ್ಲಪ್ಪಾ” ಅಂದರು. ವಿಜ್ಞಾನಿಗಳು ಹಲವು ದಶಕ ದುಡಿದು ಕಂಡುಕೊಂಡದ್ದಕ್ಕೂ ಈ ಮಾತಿಗೂ ದೂರವಿಲ್ಲ.

ಮೀನು ಎದುರೀಜುವುದೆಂದರೆ ಜಗತ್ತಿಗೆಲ್ಲ ಮೊದಲು ನೆನಪಾಗುವುದು ಸಾಲ್ಮನ್. ಟೊರಾಂಟೊದಲ್ಲಿರುವ ನಮ್ಮ ಅಕ್ಕನ ಮನೆಯವರು ಪ್ರತಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಹಂಬರ್ ನದಿಯ ಓಲ್ಡ್ ಮಿಲ್ ಹತ್ತಿರ ಹೋಗುತ್ತಾರೆ. ಊರ ನಡುವಿನ ನದಿ, ಮೇಪಲ್ ಎಲೆ ಕೆಂಪಾಗುವ ಕಾಲ, ತೋಳುದ್ದದ ಚಿನೂಕ್ ಸಾಲ್ಮನ್ ಮೀನುಗಳು ತಡೆಗೋಡೆಯ ನೀರಿಗೆ ಎದುರಾಗಿ ನೆಗೆಯುತ್ತವೆ. ನೋಡಲು ಜನ ದಡದಲ್ಲಿ ಸಾಲಾಗಿ ನಿಲ್ಲುತ್ತಾರೆ. ಈ ನೋಟ ತಾನಾಗಿ ಉಳಿದುಬಂದದ್ದಲ್ಲ. ಒಂಟಾರಿಯೊ ಸರೋವರದಲ್ಲಿ ಮೊದಲಿದ್ದ ಅಟ್ಲಾಂಟಿಕ್ ಸಾಲ್ಮನ್ 19ನೆಯ ಶತಮಾನ ಮುಗಿಯುವ ಹೊತ್ತಿಗೆ ಕಣ್ಮರೆಯಾಗಿತ್ತು. ಗಿರಣಿಗಳ ಕಟ್ಟೆ, ಕಡಿದ ಕಾಡು, ಮಿತಿಯಿಲ್ಲದ ಬೇಟೆ ಸೇರಿ ಅದನ್ನು ಮುಗಿಸಿದ್ದವು. ಅದೇ ನಗರದ ಇನ್ನೊಂದು ನದಿ ಡಾನ್ ಎಷ್ಟು ಕೊಳೆತಿತ್ತೆಂದರೆ 1969ರಲ್ಲಿ ಪರಿಸರ ಕಾರ್ಯಕರ್ತರು ಅದಕ್ಕೆ ಶವಯಾತ್ರೆಯನ್ನೇ ಮಾಡಿದ್ದರು. ಆಮೇಲೆ ಕೊಳಚೆ ತಡೆದರು, ಪೆಸಿಫಿಕ್ ಕಡೆಯ ಚಿನೂಕ್ ತಂದು ಸರೋವರಕ್ಕೆ ಬಿಟ್ಟರು, ಹಂಬರಿನ ತಡೆಗೋಡೆಗಳಲ್ಲಿ ಮೀನು ದಾಟಲೆಂದು ಕಂಡಿ ಬಿಟ್ಟರು. ಈ ಕಂಡಿಯ ವಿಷಯ ಓದುಗರು ನೆನಪಿಟ್ಟುಕೊಳ್ಳಬೇಕು, ನಮ್ಮ ಕೋಡಿಯ ಕಥೆಗೆ ಅದು ಬೇಕು.

ಸಾಲ್ಮನ್ ಹುಟ್ಟಿದ ಹೊಳೆಗೇ ಮರಳುವುದು ವಾಸನೆ ಹಿಡಿದು. ಅಮೆರಿಕದ ವಿಸ್ಕಾನ್ಸಿನ್‌ನ ಆರ್ಥರ್ ಹಾಸ್ಲರ್ ಇದನ್ನು ತೋರಿಸಿಕೊಟ್ಟವರು. ತಾವು ಬೆಳೆದ ಬೆಟ್ಟದ ಸೀಮೆಗೆ ಹೋಗಿ ಜಲಪಾತದತ್ತ ನಡೆಯುತ್ತಿದ್ದಾಗ, ಅಲ್ಲಿನ ಪಾಚಿ ಮತ್ತು ಹೂಗಳ ವಾಸನೆಗೆ ಮರೆತೇಹೋಗಿದ್ದ ಬಾಲ್ಯ ಅವರಿಗೆ ಥಟ್ಟನೆ ನೆನಪಾಯಿತಂತೆ. ಮೀನಿಗೂ ಹೀಗೇ ಆಗುತ್ತಿರಬಹುದೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ಆಮೇಲೆ ಅವರೂ ಅವರ ಶಿಷ್ಯರೂ ಮರಿಗಳಿಗೆ ಒಂದು ರಾಸಾಯನಿಕದ ವಾಸನೆಯನ್ನು ರೂಢಿ ಮಾಡಿಸಿ ಸರೋವರಕ್ಕೆ ಬಿಟ್ಟರು. ಬೆಳೆದ ಮೀನುಗಳು ಆ ವಾಸನೆ ಬೆರೆಸಿದ ಹೊಳೆಯನ್ನೇ ಹುಡುಕಿಕೊಂಡು ಬಂದವು.

ನಮ್ಮ ಪಕ್ಕೆಗಳ ದಾರಿ ಬೇರೆ. ಅವಕ್ಕೆ ಕಡಲಿಲ್ಲ. ಈ ಸೀಮೆಯ ನೀರು ಹಳ್ಳಗಳಲ್ಲಿ ಇಳಿದು, ಚಿತ್ರಾವತಿ ಸೇರಿ, ಬಾಗೇಪಲ್ಲಿ, ಪುಟ್ಟಪರ್ತಿ ದಾಟಿ ಪೆನ್ನಾರ್‌ಗೆ ಕೂಡಿ ನೆಲ್ಲೂರಿನ ಹತ್ತಿರ ಬಂಗಾಳ ಕೊಲ್ಲಿಗೆ ಹೋಗುತ್ತದೆ ನಿಜ. ಆದರೆ ನಡುವೆ ಗಂಡಿಕೋಟ, ಮೈಲವರಂ, ಸೋಮಶಿಲ ಅಣೆಕಟ್ಟುಗಳಿವೆ. ನಮ್ಮ ಮೀನಿಗೆ ಕೆರೆಯೇ ಸಮುದ್ರ. ಪೆರೇಸಂದ್ರದ ಹೆಸರಿನ ‘ಸಂದ್ರ’ ಬಂದದ್ದೂ ಸಮುದ್ರ ಎಂಬ ಮಾತಿನಿಂದಲೇ. ದೊಡ್ಡ ಕೆರೆಯನ್ನು ಹಳಬರು ಹಾಗೇ ಕರೆಯುತ್ತಿದ್ದರು. ಒಂದು ಕೆರೆಯ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆ ತುಂಬುತ್ತದೆ, ಅದರ ಕೋಡಿ ಇನ್ನೊಂದನ್ನು. ನೀರು ಇಳಿಯುವ ಈ ಸರಪಳಿಯನ್ನು ಮೀನು ಹಿಂದುಮುಂದಾಗಿ ಏರುತ್ತದೆ. ಮಲೆನಾಡಿನಲ್ಲಿ ಇದನ್ನೇ ‘ಹತ್ತುಮೀನು’ ಎನ್ನುತ್ತಾರೆ. ಅಲ್ಲಿ ಅದು ಜೂನ್ ತಿಂಗಳ ಮೊದಲ ಮಳೆಗೆ. ನಮ್ಮಲ್ಲಿ ಕೆರೆ ತುಂಬುವುದೇ ಹಸ್ತ, ಚಿತ್ತೆ, ಸ್ವಾತಿಗಳಲ್ಲಿ, ಹಾಗಾಗಿ ನಮ್ಮ ಮೀನು ಹತ್ತುವುದೂ ಸಾಲ್ಮನ್ ಹತ್ತುವ ಕಾಲಕ್ಕೇ.

ನೀರಿನ ದಿಕ್ಕು ಮೀನಿಗೆ ಹೇಗೆ ತಿಳಿಯುತ್ತದೆ? ಅದರ ಮೈಯ ಎರಡೂ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಸಣ್ಣ ಗೆರೆ ಎಳೆದಂತೆ ಕಾಣುತ್ತದೆ, ಪಾರ್ಶ್ವರೇಖೆ ಎಂದು ಅದರ ಹೆಸರು. ಗೆರೆಯ ಕೆಳಗಿನ ನಾಳದಲ್ಲಿ ಕೂದಲಿನಂಥ ಎಳೆಗಳುಳ್ಳ ಜೀವಕೋಶಗಳಿವೆ. ನೀರು ಸರಿದಂತೆಲ್ಲ ಎಳೆ ಬಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ನಮ್ಮ ಒಳಗಿವಿಯಲ್ಲಿ ಶಬ್ದ ಹಿಡಿಯುವುದೂ ಇದೇ ಜಾತಿಯ ಕೋಶಗಳು. ಇದರ ಜೊತೆಗೆ ಕಣ್ಣೂ ದುಡಿಯುತ್ತದೆ. ದಡದ ಕಲ್ಲು ಹಿಂದೆ ಸರಿಯುತ್ತಿದೆಯೇ ಮುಂದೆ ಸರಿಯುತ್ತಿದೆಯೇ ಎಂದು ನೋಡಿ, ನಿಂತಲ್ಲೇ ನಿಲ್ಲಲು ಎಷ್ಟು ಈಜಬೇಕೋ ಅಷ್ಟು ಈಜುತ್ತದೆ. ಮೀನಿನ ಮೈಯಲ್ಲಿ ಎರಡು ಬಗೆಯ ಸ್ನಾಯು. ಚರ್ಮದ ಕೆಳಗೆ ತೆಳುವಾದ ಕೆಂಪು ಸ್ನಾಯು ದಿನವಿಡೀ ದಣಿಯದೆ ಈಜಲು. ಉಳಿದ ಬಿಳಿ ಸ್ನಾಯು ಗಳಿಗೆಯ ನುಗ್ಗಿಗೆ, ಅದು ಬಹುಬೇಗ ದಣಿಯುತ್ತದೆ. ಆ ಪಕ್ಕೆ ಪ್ರತಿ ಗೇಣಿಗೂ ಕಲ್ಲಿನ ಸಂದಿನಲ್ಲಿ ನಿಂತದ್ದು ಬಿಳಿ ಸ್ನಾಯುವಿನ ದಣಿವು ಆರಿಸಿಕೊಳ್ಳಲು. ನಿಲ್ಲಲು ಸಂದು ಇಲ್ಲದಿದ್ದರೆ ಅದು ಮೇಲೆ ಮುಟ್ಟುತ್ತಲೇ ಇರಲಿಲ್ಲ.

ಇನ್ನು ತಾತ ಹೇಳಿದ ನಿದ್ದೆಗೇಡಿನ ವಿಷಯ. ಮಳೆ ಬರುವ ಮೊದಲೇ ಹೆಣ್ಣುಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಬೆಳೆದು ನಿಂತಿರುತ್ತದೆ. ಆದರೆ ಕೊನೆಯ ಹಂತ ತಡೆದು ನಿಲ್ಲಿಸಿದ ಹಾಗಿರುತ್ತದೆ. ಮಳೆನೀರು ನುಗ್ಗಿದಾಗ ಕೆರೆ ತುಸು ತಣ್ಣಗಾಗುತ್ತದೆ, ಬೇಸಿಗೆಯಿಡೀ ಬತ್ತಿ ಗಟ್ಟಿಯಾಗಿದ್ದ ನೀರಿನ ಉಪ್ಪಿನಂಶ ತೆಳುವಾಗುತ್ತದೆ, ನೀರು ಕದಡುತ್ತದೆ, ಹರಿವು ಮೈಗೆ ತಾಕುತ್ತದೆ. ಇವೆಲ್ಲ ಸೇರಿ ಮಿದುಳಿಗೆ ಸುದ್ದಿ ಮುಟ್ಟಿದರೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಾರ್ಮೋನು ಬಿಡುತ್ತದೆ. ಕೆಲವೇ ಗಂಟೆಗಳಲ್ಲಿ ಮೊಟ್ಟೆ ಪಕ್ವವಾಗುತ್ತದೆ. ಮಳೆ ಕೈಕೊಟ್ಟ ವರ್ಷ ಹೊಟ್ಟೆಯಲ್ಲಿರುವ ಮೊಟ್ಟೆ ನಿಧಾನವಾಗಿ ಕರಗಿ ತಾಯಿಯ ಮೈಗೇ ಸೇರಿಹೋಗುತ್ತದೆ. ನಮ್ಮ ಸೀಮೆಯಲ್ಲಿ ಅಂಥ ವರ್ಷಗಳು ಕಡಿಮೆಯೇನಿರಲಿಲ್ಲ.

ನಮ್ಮ ಸಂತೆಗಳಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ್ ಕೂಡ ಈ ಕಟ್ಟಿಗೆ ಒಳಪಟ್ಟವೇ. ಅವು ಉತ್ತರದ ದೊಡ್ಡ ನದಿಗಳ ಮೀನು. ನಿಂತ ನೀರಿನಲ್ಲಿ ಎಷ್ಟು ಬೆಳೆದರೂ ಮೊಟ್ಟೆಯಿಡವು. ಮೊದಲು ಮರಿ ಬೇಕೆಂದರೆ ಪ್ರವಾಹದ ನದಿಗೆ ಬಲೆಯೊಡ್ಡಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಬೇರೆ ಮೀನಿನ ಪಿಟ್ಯುಟರಿಯ ಸಾರವನ್ನು ಈ ಗೆಂಡೆಗಳಿಗೆ ಚುಚ್ಚಿ ಕೊಳದಲ್ಲೇ ಮೊಟ್ಟೆಯಿಡಿಸಿದರು. ಮಳೆ ಹೇಳುವ ಮಾತನ್ನು ಸೂಜಿ ಹೇಳಿತು. ಇಂದಿಗೂ ದೇಶದಲ್ಲಿ ಆ ದಿನವನ್ನು ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ನಮ್ಮ ಕೆರೆಗಳಿಗೆ ಬಿತ್ತುವ ಗೆಂಡೆ ಮರಿಗಳೆಲ್ಲ ಆ ಸೂಜಿಯ ಸಂತಾನ. ಪಕ್ಕೆ, ಗಿರ್ಲು, ಮುರುಗೋಡು, ತೆಲುಗರು ಕೊರ್ರಮೀನು ಎನ್ನುವ ಕೊರವ, ಇವನ್ನು ಯಾರೂ ಬಿತ್ತಿದ್ದಲ್ಲ. ಇವು ಬದುಕಬೇಕಾದರೆ ಮಳೆಯೇ ಹೇಳಬೇಕು, ದಾರಿ ತೆರೆದಿರಬೇಕು.

ಅದೇ ದಿನ ಸಂಜೆ ಟಾರ್ಚ್ ಹಿಡಿದು ಮತ್ತೆ ಕೋಡಿಗೆ ಹೋದೆ. ಕೋಡಿಯ ಕಲ್ಲು ಜಾರುತ್ತದೆ, ಅದರ ಮೇಲೆ ಕಾಲಿಡಬಾರದು, ದಡದಿಂದಲೇ ನೋಡಬೇಕು. ಕೋಡಿಯ ಪಕ್ಕದ ಒದ್ದೆ ಗರಿಕೆಯಲ್ಲಿ ಏನೋ ಹೊರಳಿದ ಸದ್ದು. ಬೆಳಕು ಬಿಟ್ಟರೆ ಮೊಳದುದ್ದದ ಮುರುಗೋಡು! ನೀರು ಬಿಟ್ಟು ಹುಲ್ಲಿನ ಮೇಲೆ, ಎದೆಯ ಎರಡು ಮುಳ್ಳುಗಳನ್ನು ಊರುಗೋಲಿನಂತೆ ಊರುತ್ತ, ಮೈ ಬಳುಕಿಸುತ್ತ ಮೇಲಕ್ಕೆ ಹೋಗುತ್ತಿತ್ತು. ಇದರ ಕಿವಿರಿನ ಮೇಲೆ ಸಣ್ಣ ಗಿಡದ ಕೊಂಬೆಗಳಂತೆ ಕವಲೊಡೆದ, ರಕ್ತ ತುಂಬಿದ ಅಂಗವೊಂದಿದೆ. ಗಾಳಿಯಿಂದಲೇ ಆಮ್ಲಜನಕ ಹೀರುತ್ತದೆ. ಕಿವಿರು ನೀರಿನಾಚೆ ಕುಸಿದು ಅಂಟಿಕೊಳ್ಳುತ್ತದೆ, ಈ ಕೊಂಬೆಗಳು ಗಟ್ಟಿಯಾಗಿರುವುದರಿಂದ ಅಂಟಿಕೊಳ್ಳವು. ಕೊರವಕ್ಕೂ ತಲೆಯಲ್ಲಿ ಇಂಥದ್ದೇ ಗಾಳಿಯ ಗೂಡಿದೆ. ಮೈ ಒದ್ದೆಯಾಗಿರುವವರೆಗೆ ಹೆಸರಿಗೆ ಮಾತ್ರ ಇವು ಜಲಚರ.

ಬತ್ತಿದ ಕೆರೆ ತುಂಬಿದ ವಾರಕ್ಕೇ ಮೀನು ಕಂಡರೆ ‘ಮಳೆ ಜೊತೆ ಬಿತ್ತು’ ಎನ್ನುವವರು ನಮ್ಮಲ್ಲಿದ್ದಾರೆ. ಉತ್ತರ ಈ ಹುಲ್ಲಿನ ಮೇಲಿತ್ತು. ಕೆಲವು ಮೀನು ಕೆರೆಯ ಆಳದ ಹಸಿ ಕೆಸರಿನಲ್ಲಿ ಹುದುಗಿ ಬೇಸಿಗೆ ಕಳೆದಿರುತ್ತವೆ, ಉಳಿದವು ಕೆಳಗಿನ ಮಡು, ಕುಂಟೆಗಳಿಂದ ಕೋಡಿ ಹತ್ತಿ ಬರುತ್ತವೆ. ವರ್ಷಗಟ್ಟಲೆ ಒಣಗಿದರೆ ಮಾತ್ರ ಎರಡೂ ದಾರಿ ಮುಚ್ಚುತ್ತವೆ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ ಕಾಲದಲ್ಲಿ ನಮ್ಮ ಬಹಳಷ್ಟು ಕೆರೆಗಳಿಗೆ ಆದದ್ದು ಅದೇ. 2021ರ ನವೆಂಬರಿನ ಮಳೆಗೆ ಚಿಕ್ಕಬಳ್ಳಾಪುರ, ಕೋಲಾರದ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದಾಗ ಕಣ್ಣೀರಿಟ್ಟ ಹಿರಿಯರನ್ನು ನಾನು ಕಂಡಿದ್ದೇನೆ. ಅಂಥ ಹರಿವನ್ನು ಎಷ್ಟೋ ವರ್ಷದಿಂದ ಯಾರೂ ನೋಡಿರಲಿಲ್ಲ.

ಈಗ ಕೆರೆ ತುಂಬಿಸುವ ಇನ್ನೊಂದು ನೀರೂ ಇದೆ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಎಚ್‌.ಎನ್‌. ವ್ಯಾಲಿ ಯೋಜನೆಯಲ್ಲಿ 65 ಕೆರೆಗಳಿಗೆ ಹರಿಸಬೇಕೆಂಬುದು ಲೆಕ್ಕ. ಅವುಗಳಲ್ಲಿ ಬಹುಪಾಲು ನಮ್ಮ ಜಿಲ್ಲೆಯವು. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಹೀಗೇ ನೀರು ಬಂತು. ಅಂತರ್ಜಲಕ್ಕೆ ಅದು ಆಸರೆಯಾಗಿದೆ, ಇಲ್ಲವೆನ್ನಲಾರೆ. ಆದರೆ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಕೇಳುತ್ತಿರುವುದು ಮೀನಿನ ಕಡೆಯಿಂದ ನೋಡಿದರೂ ನ್ಯಾಯವೇ. ಸಾರಜನಕ, ರಂಜಕ ಉಳಿದ ನೀರಿನಲ್ಲಿ ಪಾಚಿ ಉಕ್ಕುತ್ತದೆ. ರಾತ್ರಿ ಆ ಪಾಚಿಯೇ ಆಮ್ಲಜನಕ ತಿನ್ನುತ್ತದೆ. ಅಂಥ ನೀರನ್ನು ತಡೆದುಕೊಳ್ಳುವುದು ಜಿಲೇಬಿ ಮೀನು, ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್‌ನಂಥವು. ಪಕ್ಕೆಗೆ ಅದು ಕಷ್ಟ. ಅಲ್ಲದೆ ಪೈಪಿನಲ್ಲಿ ಬರುವ ನೀರು ವರ್ಷವಿಡೀ ಒಂದೇ ಸಮ. ಅದರಲ್ಲಿ ಹೊಸ ನೀರಿನ ಸುದ್ದಿ ಇರುವುದಿಲ್ಲ.

ನೀರಿಗಿಂತ ನನ್ನನ್ನು ಕಾಡುವುದು ಕೋಡಿ. ಹಳೆಯ ಕೋಡಿಗಳು ಒರಟು ಕಲ್ಲಿನ ಮೆಟ್ಟಿಲಿನಂಥವು. ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಕೊರಕಲು ತಡೆಯುವುದು. ಆದರೆ ಅದೇ ಮೀನಿಗೆ ಏಣಿಯೂ ಆಯಿತು. ಈಗ ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಕಲ್ಲು ಕಿತ್ತು ನುಣ್ಣನೆಯ ಕಾಂಕ್ರೀಟ್ ಗೋಡೆ ನಿಲ್ಲಿಸುತ್ತಾರೆ. ಎದೆಯೆತ್ತರದ ನೆಟ್ಟಗಿನ ಗೋಡೆ, ಕೆಳಗೆ ನೆಗೆಯಲು ಆಳವಿಲ್ಲದ ಹಾಸು. ಬೆರಳುದ್ದದ ಮೀನಿಗೆ ಅದು ಸೋಮಶಿಲ ಅಣೆಕಟ್ಟೇ. ಟೊರಾಂಟೊದಲ್ಲಿ ಹಂಬರಿನ ಗೋಡೆಗೆ ಕಂಡಿ ಬಿಟ್ಟುಕೊಟ್ಟರಲ್ಲ, ಇಲ್ಲಿ ಗೋಡೆಯ ಒಂದು ಮಗ್ಗುಲಿಗೆ ಎರಡು ಟ್ರ್ಯಾಕ್ಟರ್ ಒರಟು ಕಲ್ಲು ಇಳಿಜಾರಾಗಿ ಸುರಿದರೆ ಸಾಕು. ಕೆರೆ ಗುತ್ತಿಗೆ ಹಿಡಿದವರು ಕೋಡಿಗೆ ಜಾಲರಿ ಕಟ್ಟುವುದೂ ಉಂಟು. ದುಡ್ಡು ಹಾಕಿ ಬಿತ್ತಿದ ಗೆಂಡೆ ಹರಿದುಹೋದರೆ ಅವರ ಹೊಟ್ಟೆಗೇ ಪೆಟ್ಟು, ಅವರ ಭಯ ಸುಳ್ಳಲ್ಲ. ಕಣ್ಣು ದೊಡ್ಡದಿರುವ ಜಾಲರಿ ಕಟ್ಟಿದರೆ ಗೆಂಡೆಯೂ ನಿಲ್ಲುತ್ತದೆ, ಪಕ್ಕೆಯೂ ದಾಟುತ್ತದೆ. ನನಗೆ ನಿಜವಾಗಿ ಸಂಕಟವಾಗುವುದು ಕೋಡಿಗೆ ಸೊಳ್ಳೆಪರದೆ ಅಡ್ಡ ಹಿಡಿಯುವುದನ್ನು ಕಂಡಾಗ. ನಾಲ್ಕು ಮೀನು ಹಿಡಿದು ಸಾರು ಮಾಡುವುದು ಹಿಂದಿನಿಂದಲೂ ಇದೆ. ಸೊಳ್ಳೆಪರದೆಯಲ್ಲಿ ಬರುವುದು ಮೊಟ್ಟೆ ತುಂಬಿದ ಹೊಟ್ಟೆಗಳು, ಬಕೆಟ್ ಬಕೆಟ್.

ಸ್ವಾತಿ ಮಳೆ ಮುಗಿಯುತ್ತ ಬಂದಾಗ ಕೆರೆಯ ಮೇಲ್ಗಡೆ, ನೀರು ಹಿಂದಕ್ಕೆ ಹರಡಿ ಹುಲ್ಲು ಮುಳುಗಿದ ಕುಂಟೆಯ ಹತ್ತಿರ ಹೋಗಿದ್ದೆ. ನೀರಿನ ಮೇಲೆ ಅಂಗೈಯಗಲ ಕುಂಕುಮ ಚೆಲ್ಲಿದಂತೆ ಒಂದು ಕೆಂಪು ಮಚ್ಚೆ ಅಲುಗುತ್ತಿತ್ತು. ಹತ್ತಿರ ಬಗ್ಗಿದರೆ ಕೊರವದ ಮರಿಗಳು, ನೂರಾರು, ಗಾಳಿ ಗುಟುಕರಿಸಲು ಒಟ್ಟಿಗೆ ಮೇಲೆ ಬಂದು ಒಟ್ಟಿಗೆ ಇಳಿಯುತ್ತಿದ್ದವು. ನನ್ನ ನೆರಳು ನೀರಿಗೆ ಬಿದ್ದದ್ದೇ ತಡ, ಕೆಳಗಿನಿಂದ ದೊಡ್ಡದೊಂದು ಕಪ್ಪು ತಲೆ ಮರಿಗಳಿಗೂ ನನಗೂ ನಡುವೆ ಬಂದು ನಿಂತಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅದು ಅಲ್ಲೇ ನಿಂತಿತ್ತು.