ರಬ್ಬರಿನ ಅಕಾಲಪಾಕವೂ ಅದರ ನಿವಾರಣೋಪಾಯಗಳೂ

ದಕ್ಷಿಣ ಕನ್ನಡ, ಕೊಡಗು ಮೊದಲಾದ ಮಳೆ ಹೆಚ್ಚಾದ ಸೀಮೆಗಳಲ್ಲಿ ರಬ್ಬರಿನ ತೋಟಗಳನ್ನು ಮಾಡಿರುವ ಜಮೀನ್ದಾರರು ಅನೇಕರಿದ್ದಾರೆ. ಹಾಲನ್ನು ಹೆಪ್ಪುಗಟ್ಟಿಸಿ, ಹಾಳೆ ಮಾಡಿ, ಹೊಗೆಮನೆಯಲ್ಲಿ ಒಣಗಿಸಿ ಮಾರಿದೊಡನೆ ತಮ್ಮ ಕೆಲಸವು ಮುಗಿಯಿತೆಂದು ಇವರಲ್ಲಿ ಕೆಲವರು ಭಾವಿಸುವುದುಂಟು. ಆದರೆ ಆ ಹಾಳೆಯು ಕಾರ್ಖಾನೆಯಲ್ಲಿ ಎಂತಹ ಸಂಸ್ಕಾರವನ್ನು ಹೊಂದುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಅರಿತರೆ ಬೆಳೆಗಾರರಿಗೆ ಪ್ರಯೋಜನವುಂಟು. ಚಪ್ಪಲಿಯ ಅಟ್ಟೆ, ಚಾಪೆ, ಟೈರಿನ ಮೇಲ್ಪಟ್ಟಿ ಮುಂತಾದುವುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯನ್ನು ಹೂಡಬೇಕೆಂದಿರುವ ಗ್ರಾಮಮುಖಂಡರಿಗಂತೂ ಇದು ಅವಶ್ಯವಾಗಿ ತಿಳಿದಿರತಕ್ಕ ವಿಷಯವಾಗಿದೆ.

ಗಂಧಕದ ಪಾಕ

ಹಸಿಯ ರಬ್ಬರು ಬಿಸಿಲಿಗೆ ಅಂಟಾಗುವುದು, ಚಳಿಗೆ ಬಿರುಸಾಗುವುದು. ಇದಕ್ಕೆ ಗಂಧಕವನ್ನು ಕೂಡಿಸಿ ಕಾಯಿಸಿದರೆ ಈ ಎರಡು ದೋಷಗಳೂ ತೊಲಗುವುವೆಂದು ಅಮೆರಿಕಾ ದೇಶದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು 1839ರಲ್ಲಿ ಕಂಡುಕೊಂಡನು. ಗಂಧಕವು ರಬ್ಬರಿನ ನೀಳವಾದ ಎಳೆಗಳನ್ನು ಒಂದಕ್ಕೊಂದು ಕಟ್ಟಿ ಬಲೆಯಂತೆ ಮಾಡುವುದೇ ಈ ಪಾಕದ ಗುಟ್ಟು. ಆ ಕಾಲದಲ್ಲಿ ಇದಕ್ಕೆ ಹಲವು ಗಂಟೆಗಳು ಹಿಡಿಯುತ್ತಿದ್ದುವು. 1906ರಲ್ಲಿ ಜಾರ್ಜ್ ಓಯನ್‌ಸ್ಲಾಗರ್ ಎಂಬ ರಸಾಯನಜ್ಞನು ಅನಿಲೀನ್ ಎಂಬ ದ್ರವ್ಯದಿಂದ ಪಾಕವು ಶೀಘ್ರವಾಗುವುದೆಂದು ತೋರಿಸಿದನು. ಅಲ್ಲಿಂದ ಮುಂದೆ ಬಗೆಬಗೆಯ ವೇಗವರ್ಧಕ ದ್ರವ್ಯಗಳು ಬಂದು, ಗಂಟೆಗಳ ಕೆಲಸವು ನಿಮಿಷಗಳಿಗೆ ಇಳಿಯಿತು.

ಅಕಾಲಪಾಕದಿಂದಾಗುವ ನಷ್ಟ

ವೇಗವು ಹೆಚ್ಚಿದಂತೆ ಅಪಾಯವೂ ಹೆಚ್ಚಿತು. ಉರುಳೆಯಂತ್ರದಲ್ಲಿ ರಬ್ಬರನ್ನು ಅರೆದು ಮಿಶ್ರ ಮಾಡುವಾಗ ತಿಕ್ಕಾಟದಿಂದಲೇ ಬಹಳ ಶಾಖ ಹುಟ್ಟುವುದು. ಆ ಶಾಖದಲ್ಲಿ ಮಿಶ್ರಣವು ಅಚ್ಚಿಗೆ ಸೇರುವ ಮೊದಲೇ ಪಾಕಕ್ಕೆ ಬರಲಾರಂಭಿಸುವುದನ್ನು ಅಕಾಲಪಾಕವೆನ್ನುವರು. ಆಲೆಮನೆಯಲ್ಲಿ ಬೆಲ್ಲವು ಅಚ್ಚಿಗೆ ಹೊಯ್ಯುವ ಮುನ್ನ ಕೊಪ್ಪರಿಗೆಯಲ್ಲಿಯೇ ಗಟ್ಟಿಯಾದಂತೆ ಇದು. ಆದರೆ ಬೆಲ್ಲವನ್ನು ನೀರು ಹಾಕಿ ಮತ್ತೆ ಕರಗಿಸಬಹುದು. ಪಾಕಗೊಂಡ ರಬ್ಬರನ್ನು ಕರಗಿಸಿ ಮೊದಲಿನಂತೆ ಮಾಡುವುದು ಸಾಧ್ಯವಿಲ್ಲ. ಅಲ್ಪಸ್ವಲ್ಪ ಕೆಟ್ಟದ್ದನ್ನು ಹೊಸ ಮಿಶ್ರಣದಲ್ಲಿ ಕೊಂಚಕೊಂಚವಾಗಿ ಬೆರೆಸಬಹುದೇ ಹೊರತು, ಪೂರಾ ಕೆಟ್ಟದ್ದು ಪುಡಿಮಾಡಿ ಕೀಳು ಕೆಲಸಕ್ಕೆ ಉಪಯೋಗಿಸುವುದಕ್ಕೆ ಮಾತ್ರ ಯೋಗ್ಯವು. ರಬ್ಬರು, ಔಷಧಿ, ಕೂಲಿ ಎಲ್ಲವೂ ಒಮ್ಮೆಗೇ ವ್ಯರ್ಥವಾಗುವುವು.

ಶಾಖವು 10 ಡಿಗ್ರಿ ಸೆಂಟಿಗ್ರೇಡು ಏರಿದರೆ ಪಾಕದ ವೇಗವು ಸ್ಥೂಲವಾಗಿ ಇಮ್ಮಡಿಯಾಗುವುದು. 120 ಡಿಗ್ರಿಯಲ್ಲಿ 20 ನಿಮಿಷ ತಾಳುವ ಮಿಶ್ರಣವು 130 ಡಿಗ್ರಿಯಲ್ಲಿ ಸುಮಾರು 10 ನಿಮಿಷ ಮಾತ್ರ ತಾಳುವುದೆಂದು ಇದರಿಂದ ತಿಳಿಯಬಹುದು.

ತಡೆಯುವ ದ್ರವ್ಯಗಳು

ಈ ಅನಿಷ್ಟವನ್ನು ತಡೆಯುವುದಕ್ಕಾಗಿ ಮಿಶ್ರಣಕ್ಕೆ ಕೂಡಿಸುವ ದ್ರವ್ಯಗಳನ್ನು ಮಂದಕಗಳೆನ್ನಬಹುದು. ಇವುಗಳಲ್ಲಿ ಮೂರು ಬಗೆಗಳು ಗಮನಾರ್ಹವಾಗಿವೆ.

ಮೊದಲನೆಯವು ಸ್ಯಾಲಿಸಿಲಿಕ್ ಆಮ್ಲ, ಬೆಂಜೋಯಿಕ್ ಆಮ್ಲ, ಥ್ಯಾಲಿಕ್ ಅನ್‌ಹೈಡ್ರೈಡ್ ಮುಂತಾದ ಹುಳಿದ್ರವ್ಯಗಳು. ಇವು ಹಳೆಯವು, ಸುಲಭವಾಗಿ ದೊರೆಯತಕ್ಕವು. ಆದರೆ ಇವು ಆರಂಭವನ್ನು ತಡೆಯುವುದಲ್ಲದೆ ಮುಂದಿನ ಪಾಕವನ್ನೂ ನಿಧಾನಗೊಳಿಸುವುವು. ಅಚ್ಚಿನಲ್ಲಿ ಹೆಚ್ಚು ಹೊತ್ತು ಇಡಬೇಕಾಗಿ ಸೌದೆ, ವಿದ್ಯುಚ್ಛಕ್ತಿಗಳ ವೆಚ್ಚವು ಏರುವುದು.

ಎರಡನೆಯದು ನೈಟ್ರೋಸೋ ಡೈಫಿನೈಲಮೀನ್. ಇದು ಹಿಂದೆ ಬಹುವಾಗಿ ಬಳಕೆಯಲ್ಲಿತ್ತು. ಕೆಲವು ವೇಗವರ್ಧಕಗಳೊಡನೆ ಸೇರಿದಾಗ ಇದು ನೈಟ್ರೋಸಮೀನ್‌ಗಳೆಂಬ, ಅರ್ಬುದರೋಗಕ್ಕೆ ಕಾರಣವಾಗಬಲ್ಲ ವಸ್ತುಗಳನ್ನು ಹುಟ್ಟಿಸುವುದೆಂದು ಗೊತ್ತಾಯಿತು. ಬೆಲೆ ಎಷ್ಟೇ ಅಗ್ಗವಾದರೂ, ಕೆಲಸಗಾರರ ಪ್ರಾಣವನ್ನು ನೆನೆದು ಇದನ್ನು ವರ್ಜಿಸತಕ್ಕದ್ದು.

ಮೂರನೆಯದು ಸೈಕ್ಲೋಹೆಕ್ಸೈಲ್ ಥಯೋಥ್ಯಾಲಿಮೈಡ್. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ. ಸಲ್ಫೆನಮೈಡ್ ಎಂಬ ಜಾತಿಯ ವೇಗವರ್ಧಕವು ಕಾದಾಗ ಅದರಿಂದ ಬಿಡುಗಡೆಯಾಗುವ ಪದಾರ್ಥವೇ ಪಾಕವನ್ನು ಹೊತ್ತಿಸತಕ್ಕದ್ದು. ಈ ಮಂದಕವು ಆ ಪದಾರ್ಥವನ್ನು ಹುಟ್ಟಿದ ಹಾಗೆಯೇ ಹಿಡಿದುಕೊಳ್ಳುವುದು. ತಾನು ಪೂರಾ ಖರ್ಚಾಗುವವರೆಗೂ ಪಾಕವನ್ನು ತಡೆದು, ಅನಂತರ ಅದರ ವೇಗಕ್ಕೆ ಹೆಚ್ಚು ಅಡ್ಡಿ ಮಾಡದೆ ಬಿಟ್ಟುಕೊಡುವುದು. 100 ಕಿಲೋಗ್ರಾಂ ರಬ್ಬರಿಗೆ 100ರಿಂದ 300 ಗ್ರಾಂ ಸಾಮಾನ್ಯವಾಗಿ ಸಾಕಾಗುವುದು. ಹೆಚ್ಚು ಹಾಕಿದರೆ ಒಳ್ಳೆಯದೆಂಬುದು ತಪ್ಪು ಗ್ರಹಿಕೆ. ಪ್ರಮಾಣ ಮೀರಿದರೆ ಸರಕಿನ ಬಲ ಕುಂದುವುದು, ಹಣವೂ ದಂಡವಾಗುವುದು.

ಮಂದಕಕ್ಕಿಂತ ಮೊದಲು ಮಾಡತಕ್ಕವು

ಮಂದಕವು ಅಜಾಗರೂಕತೆಗೆ ಮದ್ದಲ್ಲ. ಉರುಳೆಗಳೊಳಗೆ ತಣ್ಣೀರು ತಡೆಯಿಲ್ಲದೆ ಹರಿಯುತ್ತಿರಬೇಕು. ಗಂಧಕ, ವೇಗವರ್ಧಕಗಳೆರಡನ್ನೂ ಮಿಶ್ರಣದ ಕೊನೆಯಲ್ಲಿ, ರಬ್ಬರು ತಣಿದ ಮೇಲೆ ಕೂಡಿಸಬೇಕು. ಸಿದ್ಧವಾದ ಹಾಳೆಗಳನ್ನು ಬಿಸಿಯಾಗಿರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಒಳಗಿನ ಶಾಖವು ಹೊರಹೋಗದೆ ರಾಶಿಯೇ ಕೆಡುವುದು. ಅವುಗಳನ್ನು ತಣಿಸಿ, ನೆರಳಿನಲ್ಲಿಟ್ಟು, ಮೊದಲು ಮಾಡಿದ್ದನ್ನು ಮೊದಲು ಉಪಯೋಗಿಸತಕ್ಕದ್ದು. ಬೇಸಗೆಯಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಮಿಶ್ರಣದ ತಾಳಿಕೆಯನ್ನು ಅಳೆಯುವುದಕ್ಕೆ 1934ರಲ್ಲಿ ಮೆಲ್ವಿನ್ ಮೂನಿ ಎಂಬಾತನು ರಚಿಸಿದ ಯಂತ್ರವು ಇಂದಿಗೂ ಬಳಕೆಯಲ್ಲಿದೆ. ಸ್ವಂತ ಯಂತ್ರವಿಲ್ಲದವರು ಮಾದರಿಯನ್ನು ಪರೀಕ್ಷಾಲಯಕ್ಕೆ ಕಳುಹಿಸಬಹುದು.

ಬೆಳೆಗಾರರ ಹೊಣೆ

ಅಕಾಲಪಾಕದ ಬೀಜವು ಕೆಲವೊಮ್ಮೆ ತೋಟದಲ್ಲಿಯೇ ಬೀಳುವುದುಂಟು. ಹೆಪ್ಪುಗಟ್ಟಿದ ಮುದ್ದೆಯನ್ನು ಆ ದಿನವೇ ಅಥವಾ ಮರುದಿನವೇ ಒತ್ತಿ ತೊಳೆಯದೆ ಹಲವು ದಿನ ಬಿಟ್ಟರೆ, ಅದರೊಳಗಿನ ಸಸಾರಜನಕ ಪದಾರ್ಥವು ಕೊಳೆತು ಕ್ಷಾರದ್ರವ್ಯಗಳನ್ನು ಹುಟ್ಟಿಸುವುದು. ಇವು ಪಾಕವನ್ನು ತ್ವರಿತಗೊಳಿಸುವುವು. ಇದಕ್ಕೆ ವಿರುದ್ಧವಾಗಿ, ಫಾರ್ಮಿಕ್ ಆಮ್ಲವನ್ನು ಮಿತಿಮೀರಿ ಹಾಕಿ ತೊಳೆಯದೆ ಬಿಟ್ಟ ಹಾಳೆಯಲ್ಲಿ ಪಾಕವು ನಿಧಾನವಾಗುವುದು. ಹೀಗೆ ಒಂದು ಹಾಳೆ ಒಂದು ತೆರನಾಗಿಯೂ ಮತ್ತೊಂದು ಹಾಳೆ ಮತ್ತೊಂದು ತೆರನಾಗಿಯೂ ಇದ್ದರೆ ಕಾರ್ಖಾನೆಯವರ ಲೆಕ್ಕವೆಲ್ಲ ತಪ್ಪುವುದು. ಅಂತಹ ಸರಕಿಗೆ ಅವರು ಬೆಲೆ ಇಳಿಸಿದರೆ ಆಶ್ಚರ್ಯವಿಲ್ಲ.

ಆದುದರಿಂದ ತೋಟವುಳ್ಳ ಮಹನೀಯರು ಆಮ್ಲವನ್ನು ಅಳೆದು ಹಾಕುವುದು, ಮುದ್ದೆಯನ್ನು ಕಾಲಕ್ಕೆ ಸರಿಯಾಗಿ ಒತ್ತುವುದು, ಹಾಳೆಯನ್ನು ಶುದ್ಧವಾದ ನೀರಿನಲ್ಲಿ ಚೆನ್ನಾಗಿ ತೊಳೆಯುವುದು, ಈ ಮೂರನ್ನೂ ದಿನವೂ ತಪ್ಪದೆ ನಡೆಸತಕ್ಕದ್ದು. ಗ್ರಾಮದ ಮುಖಂಡರು ಸಣ್ಣ ಬೆಳೆಗಾರರಿಗೂ ಇದನ್ನು ತಿಳಿಯಹೇಳಿ, ಒಂದೂರಿನ ಹಾಳೆಯೆಲ್ಲ ಒಂದೇ ಗುಣದ್ದಾಗಿರುವಂತೆ ನೋಡಿಕೊಂಡರೆ, ಊರಿನ ಸರಕಿಗೆ ಹೆಸರೂ ಅದಕ್ಕೆ ತಕ್ಕ ಬೆಲೆಯೂ ಬರುವುವು.